ಪೂರ್ತಿ ಓದಿದವನು

“ಗುರುಗಳೇ, ನಾಲ್ಕು ಜನರೆದುರು ಆಕ್ಷೇಪ ಎತ್ತುವವನ ಬಾಯಿ ಮುಚ್ಚಿಸುವುದು ಹೇಗೆ?” ಎಂದು ಶಾಂಭವಿ ಕೇಳಿದಳು.

ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳ ಮೊದಲ ಪುಸ್ತಕವನ್ನು ಯಾರೋ ಒಬ್ಬ ಅಂದಿನ ಪತ್ರಿಕೆಯಲ್ಲಿ ತರಾಟೆಗೆ ತೆಗೆದುಕೊಂಡಿದ್ದ. ಕೊನೆಯ ಪುಟದ ಅಡಿಟಿಪ್ಪಣಿಯನ್ನೂ ಬಿಟ್ಟಿಲ್ಲವಂತೆ ಎಂದು ಸಹೋದ್ಯೋಗಿಗಳು ಹೇಳಿದ್ದರು. ಅವಳೋ ಎರಡು ಸಾಲು ಓದುವಷ್ಟರಲ್ಲೇ ಮೈ ಉರಿದು, ಪತ್ರಿಕೆಯನ್ನು ಮಡಚಿ ಚೀಲಕ್ಕೆ ತುರುಕಿದ್ದಳು.

ಲೇಖನದ ವಿಷಯವನ್ನೂ ಸಹೋದ್ಯೋಗಿಗಳ ಮಾತನ್ನೂ ಅವಳಿಂದ ಕೇಳಿಕೊಂಡು ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ವಿಶ್ವವಿದ್ಯಾಲಯವಿತ್ತು. ಅಲ್ಲಿಯ ಅಧ್ಯಾಪಕನೊಬ್ಬ ಊರಿನ ಇತಿಹಾಸ ಬರೆದ. ಊರ ಕೆರೆಯನ್ನು ಕಟ್ಟಿಸಿದ್ದು ರಾಜನಲ್ಲ, ಒಬ್ಬ ನರ್ತಕಿ ಎಂದು ಅದರಲ್ಲಿ ಹೇಳಿದ. ಪುಸ್ತಕ ಪಠ್ಯವಾಯಿತು. ಅದೇ ಊರಿನ ವಕೀಲನೊಬ್ಬ ಪತ್ರಿಕೆಗೆ ಬರೆದ: ಅವಳು ಕೆರೆಯ ಒಡೆದುಹೋಗಿದ್ದ ಏರಿಯನ್ನು ಸರಿಮಾಡಿಸಿದವಳು, ಕೆರೆ ಕಟ್ಟಿಸಿದವಳಲ್ಲ. ಅಧ್ಯಾಪಕ ಉತ್ತರ ಬರೆದ. ವಕೀಲ ಮತ್ತೆ ಬರೆದ. ಪ್ರತಿ ಸೋಮವಾರ ಊರಿನವರ ಉಪ್ಪಿಟ್ಟಿಗೆ ಅದೇ ಚಟ್ನಿಯಾಯಿತು. ಅಧ್ಯಾಪಕ ವಕೀಲನ ಮನೆಯಿರುವ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟ.

ರಾಜನಿಗೆ ಅವಮಾನವಾಯಿತೆಂದು ಕೆಲವರು ಎದ್ದರು. ವಕೀಲನ ಪತ್ರಗಳನ್ನೇ ಕತ್ತರಿಸಿ ಅರ್ಜಿಗೆ ಅಂಟಿಸಿದರು. ಪುಸ್ತಕವನ್ನು ಹಿಂತೆಗೆಯಬೇಕು, ಅಧ್ಯಾಪಕನನ್ನು ಮನೆಗೆ ಕಳಿಸಬೇಕು ಎಂದು ಕುಲಪತಿಯನ್ನು ಕೇಳಿದರು. ಕುಲಪತಿ ಸಭೆ ಕರೆದರು. ವಕೀಲ ಒಳಗೆ ಬಂದದ್ದನ್ನು ನೋಡಿ ಅಧ್ಯಾಪಕ ತನ್ನ ಕೆಲಸ ಹೋಯಿತೆಂದುಕೊಂಡ.

ವಕೀಲ ಎದ್ದುನಿಂತು, ಪುಸ್ತಕವನ್ನು ಪೂರ್ತಿ ಓದಿದವರು ಕೈ ಎತ್ತಬೇಕೆಂದು ಕೇಳಿಕೊಂಡ. ಅರ್ಜಿ ಕೊಟ್ಟವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಸ್ತಕ ಬಿಡುಗಡೆಯ ದಿನ ಅದನ್ನು ಗಂಟೆಗಟ್ಟಲೆ ಹೊಗಳಿದ್ದ ಹಿರಿಯರು ಕನ್ನಡಕ ತೆಗೆದು ಒರೆಸತೊಡಗಿದರು. ಮೇಲೆದ್ದದ್ದು ವಕೀಲನ ಕೈ ಒಂದೇ.

“ಕೆರೆಯ ಅಧ್ಯಾಯ ತಪ್ಪು ಸ್ವಾಮಿ,” ಎಂದ ವಕೀಲ ಕುಲಪತಿಗೆ. “ಈ ಮೇಷ್ಟ್ರು ಅದನ್ನು ಒಪ್ಪುವವರೆಗೆ ನಾನು ಬಿಡುವವನಲ್ಲ. ಅದಕ್ಕೆ ಪುಸ್ತಕವೂ ಇರಬೇಕು, ಇವರೂ ಇರಬೇಕು. ಇವರನ್ನು ಕಳಿಸಿಬಿಟ್ಟರೆ ನಾನು ಯಾರ ಹತ್ತಿರ ಜಗಳವಾಡಲಿ?”

ಓದದವರ ಮಾತು ಕೇಳಿ ಪುಸ್ತಕವನ್ನು ತೆಗೆಯಲು ಕುಲಪತಿಗೆ ನಾಚಿಕೆಯಾಯಿತು. ಅರ್ಜಿ ಬಿದ್ದುಹೋಯಿತು. ಹೊರಗೆ ಅಧ್ಯಾಪಕ ಕೈಮುಗಿಯಲು ಹೋದ. ನಮಸ್ಕಾರ ಆಮೇಲಾಗಲಿ, ಮೊದಲು ಸೋಮವಾರಕ್ಕೆ ಉತ್ತರ ಬರಲಿ ಎಂದು ವಕೀಲ ನಡೆದುಬಿಟ್ಟ.

ಅಧ್ಯಾಪಕ ಮನೆಗೆ ಹೋಗಿ ವಕೀಲನ ಪತ್ರಗಳನ್ನೆಲ್ಲ ಮೊದಲ ಸಲ ಸಮಾಧಾನದಿಂದ ಓದಿದ. ಸೋಮವಾರ ಪತ್ರಿಕೆಯಲ್ಲಿ ಬರೆದ: ಏರಿಯ ವಿಷಯದಲ್ಲಿ ವಕೀಲರು ಹೇಳಿದ್ದೇ ಸರಿ, ನನ್ನನ್ನು ಇಷ್ಟು ಶ್ರದ್ಧೆಯಿಂದ ಓದಿದ್ದಕ್ಕೆ ಅವರಿಗೆ ಕೃತಜ್ಞ. ಮುಂದಿನ ಸೋಮವಾರ ವಕೀಲನ ಪತ್ರ ಬಂತು: ಕೃತಜ್ಞತೆ ತಲುಪಿತು, ಆದರೆ ಕೆರೆಯ ಅಧ್ಯಾಯದ ಹೆಸರನ್ನು ಇನ್ನೂ ಬದಲಿಸಿಲ್ಲ. ಓದಿ ಅಧ್ಯಾಪಕ ನಕ್ಕ. ತನ್ನ ಎರಡನೆಯ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಅದನ್ನು ಹಿಡಿದು ವಕೀಲನ ಬೀದಿಗೆ ತಾನೇ ನಡೆದ.

ಕತೆ ಮುಗಿಯಿತು. ಶಾಂಭವಿ ಇನ್ನೂ ಸಮಾಧಾನವಾಗದೆ, ಅಂಥ ವಕೀಲ ಎಲ್ಲರಿಗೂ ಸಿಗುತ್ತಾನೆಯೇ ಎಂದಳು.

ಗುರುಗಳು ಅವಳ ಚೀಲದಿಂದ ಇಣುಕುತ್ತಿದ್ದ ಪತ್ರಿಕೆಯತ್ತ ನೋಡಿದರು. “ಅವನು ನಿನ್ನ ಪುಸ್ತಕದ ಕೊನೆಯ ಪುಟದವರೆಗೂ ಬಂದಿದ್ದಾನಲ್ಲಮ್ಮ, ನೀನು ಅವನ ಲೇಖನದಲ್ಲಿ ಎಲ್ಲಿಯವರೆಗೆ ಹೋಗಿದ್ದೀ?”