ತನ್ನದೇ ಕೈಬರಹದ ಓಲೆ

"ಹನ್ನೆರಡು ವರ್ಷ ಒಂದೇ ಮಠದ ಪರವಾಗಿ ವಾದಿಸಿದವನು ನಾನು. ನಾಳೆಯಿಂದ ಹದಿನೆಂಟು ಮಠಗಳನ್ನೂ ಒಂದೇ ಕಣ್ಣಿನಿಂದ ನೋಡಬೇಕು. ಹಳೆಯ ಮಠದ ಮೇಲಿನ ಪ್ರೀತಿ ನನ್ನ ನ್ಯಾಯವನ್ನು ಕೆಡಿಸೀತೇ, ಗುರುಗಳೇ?"

ಹೀಗೆ ಕೇಳಿದವನು ಮರುಳಯ್ಯ. ಬೆಟ್ಟದಾಚೆಯ ಒಂದು ಶಾಖಾಮಠವನ್ನು ನಡೆಸುತ್ತಿದ್ದ ಅವನನ್ನು ಗುರುಗಳು ದೊಡ್ಡಮಠಕ್ಕೆ ಕರೆಸಿ, ಎಲ್ಲ ಮಠಗಳ ಉಸ್ತುವಾರಿ ವಹಿಸಿದ್ದರು. ಪ್ರಶ್ನೆ ಕೇಳಿ ಗುರುಗಳು ನಕ್ಕರು. "ಪ್ರೀತಿ ಬಡಪಾಯಿ, ಅದನ್ನೇಕೆ ದೂರುತ್ತೀಯೆ? ಕುಳಿತುಕೋ," ಎಂದು ಕತೆ ಶುರುಮಾಡಿದರು.

ಒಂದು ಸೀಮೆಗೆ ಒಬ್ಬ ಅಧಿಪತಿಯಿದ್ದ. ಗಟ್ಟಿಗ. ಕೆರೆ ಕಟ್ಟೆಗಳ ವಿಷಯದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಏರಿಯ ಮೇಲೆ ಒಮ್ಮೆ ನಡೆದು ಬಂದರೆ ಸಾಕು, ಎಲ್ಲಿ ಕಲ್ಲು ಸಡಿಲವಾಗಿದೆ, ಎಷ್ಟು ಆಳು ಬೇಕು ಎಂದು ಹೇಳಿಬಿಡುತ್ತಿದ್ದ. ಆ ರಾಜ್ಯದ ಸೀಮೆಗಳಲ್ಲಿ ಒಂದು ರೂಢಿಯಿತ್ತು. ರಾಜಧಾನಿಯಿಂದ ನೂರು ಆಳು ಬೇಕಾದರೆ ಇನ್ನೂರು ಎಂದು ಬರೆಯಬೇಕು. ರಾಜಧಾನಿಯಲ್ಲೂ ಒಂದು ರೂಢಿಯಿತ್ತು. ಇನ್ನೂರು ಎಂದು ಬಂದರೆ ನೂರು ಕೊಡಬೇಕು. ಹೀಗೆ ಎಲ್ಲರೂ ಸುಳ್ಳು ಬರೆದು, ಎಲ್ಲರೂ ಅದನ್ನು ಕತ್ತರಿಸಿ, ಎಲ್ಲರೂ ನೆಮ್ಮದಿಯಾಗಿದ್ದರು.

ಆ ವರ್ಷ ಅಧಿಪತಿಯ ಸೀಮೆಯಲ್ಲಿ ಕೆರೆಯ ಏರಿ ಬಿರುಕುಬಿಟ್ಟಿತು. ನೂರು ಕಲ್ಲುಕುಟಿಗರು ಬೇಕಿತ್ತು. ಅವನು ಇನ್ನೂರು ಎಂದು ಬರೆದು ಮುದ್ರೆ ಒತ್ತಿ ಕಳಿಸಿದ. ಅಷ್ಟರಲ್ಲಿ ರಾಜಧಾನಿಯಲ್ಲಿ ಕಾಮಗಾರಿಯ ಮಂತ್ರಿ ತೀರಿಕೊಂಡ. ಅರಸ ಹುಡುಕಿ ಹುಡುಕಿ ಇವನನ್ನೇ ಆ ಸ್ಥಾನಕ್ಕೆ ಕರೆಸಿಕೊಂಡ. ಸೀಮೆಯ ಜನ ಎದೆಯುಬ್ಬಿಸಿ ಬೀಳ್ಕೊಟ್ಟರು. ನಮ್ಮವನೊಬ್ಬ ಮೇಲಿದ್ದಾನೆ, ಇನ್ನೇನು ಚಿಂತೆ ಎಂದುಕೊಂಡರು.

ಮೊದಲ ದಿನ ಹಳೆಯ ಕರಣಿಕ ಎರಡು ಓಲೆಗಳನ್ನು ತಂದಿಟ್ಟ. ಒಂದು ಇವನದೇ ಕೈಬರಹದ್ದು. ಇನ್ನೊಂದು ಬೇರೆ ಸೀಮೆಯದು. ಅಲ್ಲಿಯ ಅಧಿಪತಿ ಹೊಸಬ, ದಂಡಿನಲ್ಲಿದ್ದು ಬಂದವನು. 'ಅರವತ್ತು ಕಲ್ಲುಕುಟಿಗರು ಬೇಕು. ಒಬ್ಬ ಕಡಿಮೆಯಾದರೂ ಮಳೆಗೆ ಮುಂಚೆ ಕೆಲಸ ಮುಗಿಯದು' ಎಂದು ಬರೆದು, ತನ್ನ ಕೆರೆಯ ಏರಿಯ ಒಡಕಿನ ಉದ್ದ, ಅಗಲ, ಆಳ ಎಲ್ಲ ಕೊಟ್ಟಿದ್ದ. ಮಂತ್ರಿಗೆ ನಗು ಬಂತು. ಪಾಪ, ರೂಢಿಯಂತೆ ಬರೆಯಲು ಬಾರದವನು ಎಂದುಕೊಂಡ. ಸುಮ್ಮನೆ ಮನಸ್ಸಿನಲ್ಲೇ ಅಳತೆ ಹಾಕಿದ. ಸರಿಯಾಗಿ ಅರವತ್ತೇ ಬಂತು. ನಗು ನಿಂತುಹೋಯಿತು.

ಕರಣಿಕ ಆಗಲೇ ಒಂದರ ಅಂಚಿನಲ್ಲಿ ನೂರು, ಇನ್ನೊಂದರ ಅಂಚಿನಲ್ಲಿ ಮೂವತ್ತು ಎಂದು ಬರೆದಿದ್ದ. ಉಳಿದ ಮೂವತ್ತು ಜನ ಅರಮನೆಯ ಕೊಳದ ಮಂಟಪಕ್ಕೆ. ಮುದ್ರೆ ಒತ್ತುವುದಷ್ಟೇ ಬಾಕಿ.

"ಅರವತ್ತನ್ನು ಕತ್ತರಿಸಬೇಡ," ಎಂದ ಮಂತ್ರಿ. "ಮೂವತ್ತು ಜನರಿಂದ ಆ ಏರಿ ನಿಲ್ಲುವುದಿಲ್ಲ. ಕೆಳಗೆ ಏಳು ಹಳ್ಳಿಗಳಿವೆ."

"ಒಬ್ಬರಿಗೆ ಪೂರ್ತಿ ಕೊಟ್ಟು ಇನ್ನೊಬ್ಬರಿಗೆ ಕತ್ತರಿಸಿದರೆ ಸಭೆಯಲ್ಲಿ ಕಾರಣ ಕೇಳುತ್ತಾರೆ, ಸ್ವಾಮಿ. ಏನು ಹೇಳುತ್ತೀರಿ?"

ಕಾರಣ ಹೇಳಬೇಕಾದರೆ ತನ್ನ ಓಲೆ ಸುಳ್ಳೆನ್ನಬೇಕು. ಸುಮ್ಮನಿದ್ದರೆ ಏಳು ಹಳ್ಳಿ ಕೊಚ್ಚಿಹೋಗುತ್ತವೆ. ಮಂತ್ರಿ ಮುದ್ರೆಯನ್ನು ಕೆಳಗಿಟ್ಟ. ಎರಡೂ ಓಲೆಗಳನ್ನು ಹಿಡಿದು ನೇರವಾಗಿ ಸಭೆಗೆ ನಡೆದ.

"ಈ ಓಲೆಯಲ್ಲಿ ಸುಳ್ಳಿದೆ, ಪ್ರಭು. ಕೇಳಿದ್ದು ಇನ್ನೂರು, ಬೇಕಿರುವುದು ನೂರು. ಬರೆದವನು ನಾನೇ."

ಸಭೆಯಲ್ಲಿದ್ದವರೆಲ್ಲ ನೆಲ ನೋಡಿದರು. ಅವರಲ್ಲಿ ಅರ್ಧ ಜನ ಒಂದು ಕಾಲಕ್ಕೆ ಸೀಮೆ ಆಳಿದವರೇ. ಅರಸನ ಮುಖ ಕೆಂಪಾಯಿತು. "ಸುಳ್ಳು ಬರೆದವನನ್ನು ಮಂತ್ರಿಯಾಗಿ ಹೇಗೆ ನಂಬಲಿ?"

"ನಿನ್ನೆಗಿಂತ ಇವತ್ತು ಹೆಚ್ಚು ನಂಬಬಹುದು, ಪ್ರಭು. ಇನ್ನು ಮುಂದೆ ಇಂಥ ಓಲೆ ಯಾರು ಬರೆದರೂ ನನಗೆ ಗೊತ್ತಾಗುತ್ತದೆ. ನೂರು ಜನರನ್ನು ನನ್ನ ಹಳೆಯ ಸೀಮೆಗೆ ಕಳಿಸಿ. ಈ ಇನ್ನೊಂದು ಓಲೆಯವನು ಕೇಳಿದ್ದು ನಿಜ, ಅವನಿಗೆ ಅರವತ್ತೂ ಕೊಡಿ. ಮಂಟಪ ಒಂದು ವರ್ಷ ಕಾಯಲಿ."

ಅರಸ ಹೂಂ ಎಂದ. ಅಧಿಕಾರಕ್ಕೇರಿದ ಕೂಡಲೇ ನಮ್ಮನ್ನು ಬೀದಿಯಲ್ಲಿ ಹರಾಜು ಹಾಕಿದ ಎಂದು ಹಳೆಯ ಸೀಮೆಯ ಜನ ಮೂಗು ಮುರಿದರು. ಮಳೆ ಬಂತು. ಎರಡೂ ಏರಿಗಳು ನಿಂತವು. ಆಮೇಲೆ ಮೂಗು ಮುರಿದವರೂ ಸುಮ್ಮನಾದರು. ಮರುವರ್ಷ ಎಲ್ಲ ಸೀಮೆಗಳಿಂದ ಬಂದ ಓಲೆಗಳಲ್ಲಿ ಬೇಡಿಕೆ ತಾನಾಗಿಯೇ ಅರ್ಧಕ್ಕಿಳಿದಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮನಸ್ಸು ತುಂಬಿತ್ತು. "ಎಂಥ ಗಂಡೆದೆ! ನಮ್ಮ ಮಠಗಳವರೆಲ್ಲ ಈ ಕತೆ ಕೇಳಬೇಕು, ಗುರುಗಳೇ. ದಾಸೋಹಕ್ಕೆ ಜೋಳ ಬೇಕೆಂದು ಅವರು ಬರೆಯುವ ಓಲೆಗಳನ್ನು ನೋಡಿದರೆ ಸಾಕು," ಎಂದ.

ಗುರುಗಳು ಪೀಠದ ಬದಿಯಿಂದ ಒಂದು ಓಲೆ ತೆಗೆದು ಅವನ ಮುಂದಿಟ್ಟರು. ಬಿಚ್ಚುವ ಮೊದಲೇ ಹೊರಮೈಯ ಅಕ್ಷರಗಳು ತನ್ನವೇ ಎಂದು ಮರುಳಯ್ಯನಿಗೆ ಗುರುತು ಹತ್ತಿತು.

"ಎಂಬತ್ತು ಚೀಲ ಕೇಳಿದ್ದಾರೆ, ಮರುಳಯ್ಯ. ಉತ್ತರ ನೀನೇ ಬರೆ."