ಗಡಿಗಿ ನಿಂಬೆವ್ವ ಮತ್ತು ಎಣ್ಣೆ ಕುಡಿದ ಸನಾದಿ

ಕಣಿವೆಯ ನಡುವೆ ಮದುವೆಯ ಗಾಡಿ ನಿಂತುಬಿಟ್ಟಿದೆ. ವರ ಗಾಡಿಯಲ್ಲೇ ಇದ್ದಾನೆ, ಮುಹೂರ್ತ ಮಾತ್ರ ಮುಂದಿನ ಊರಿನಲ್ಲಿದೆ. ಪಕ್ಕದ ಹೊಲದಲ್ಲಿ ಜೋಡೆತ್ತು ನೆಮ್ಮದಿಯಾಗಿ ಮೇಯುತ್ತಿವೆ, ಹೂಡಿ ಎಳೆಸೋಣವೆಂದರೆ ಯಾರೂ ಹೂಡಲೊಲ್ಲರು. ಆಮೇಲೆ ಏನಾಗಿರಬಹುದು, ಹೇಳಿ ನೋಡೋಣ? ಊಹೂಂ, ನಡೆದು ಹೋಗಲಿಲ್ಲ. ಬೇರೆ ಗಾಡಿ ಬಂತೇ? ಅದೂ ಇಲ್ಲ. ತಡೆಯಿರಿ, ಇದು ಬುಡದಿಂದಲೇ ಹೇಳಬೇಕಾದ ಕಥೆ.

ಬಹಳ ಬಹಳ ಹಿಂದೆ, ಆವಗಿನಾಳ ಅಂತ ಒಂದು ಕುಂಬಾರರ ಊರು. ಆ ಊರಲ್ಲಿ ನಿಂಬೆವ್ವ ಅಂತ ಒಬ್ಬಾಕೆ ಇದ್ದಳಂತೆ. ಬಾಯಿ ಜೋರು, ನಗು ಅದಕ್ಕಿಂತ ಜೋರು. ಸುಟ್ಟ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದರೆ ಸಾಕು, ಕಣ್ಣಿಗೆ ಕಾಣದ ಬಿರುಕೂ ಅವಳ ಕಿವಿಗೆ ಸಿಗುತ್ತಿತ್ತಂತೆ. ನನ್ನಂಥ ಕಿವಿ ಏಳೂರಲ್ಲಿಲ್ಲ ಎಂದು ತಾನೇ ಸಾರಿಕೊಂಡು ತಿರುಗುತ್ತಿದ್ದಳು. ಸುಳ್ಳಲ್ಲ ಬಿಡಿ, ಏಳೂರೂ ಹಾಗೇ ಹೇಳುತ್ತಿತ್ತು.

ಅವಳ ಮೈದುನ ಫಕ್ಕೀರಪ್ಪ. ಅವನೊಂದು ಹಳೇ ಡೀಸೆಲ್ ಪಿಕಪ್ ತಂದ. ಎಷ್ಟು ಕೈ ದಾಟಿ ಬಂದಿತ್ತೋ ದೇವರೇ ಬಲ್ಲ, ಬಣ್ಣ ಯಾವುದಿತ್ತೆಂದು ಗಾಡಿಗೇ ನೆನಪಿರಲಿಲ್ಲ. ಆದರೂ ಊರಿಗೆಲ್ಲ ಅದೇ ಮೊದಲ ಗಾಡಿ. ಹಿರಿಯರು ಬಗ್ಗಿ ಕೆಳಗೆ ನೋಡಿದರು. ಹಿಂದಿನ ಎರಡು ಗಾಲಿಗಳ ನಡುವೆ, ಅಚ್ಚಿನ ಮಧ್ಯದಲ್ಲಿ, ದುಂಡಗೆ ಉಬ್ಬಿದ ಕಬ್ಬಿಣದ ಹೊಟ್ಟೆ. ಪಟ್ಟಣದ ಮೆಕ್ಯಾನಿಕ್‌ಗಳು ಅದನ್ನು ಡಿಫರೆನ್ಷಿಯಲ್ ಅನ್ನುತ್ತಾರೆ. ಆವಗಿನಾಳದವರು ನೋಡಿದ ಕೂಡಲೇ "ಗಡಿಗಿ" ಅಂದರು, ಮುಗಿಯಿತು. ಇಂಜಿನ್ನಿನಿಂದ ಬಂದ ತಿರುಗುವಿಕೆ ಆ ಗಡಿಗೆಯೊಳಗಿನ ಹಲ್ಲುಚಕ್ರಗಳಲ್ಲಿ ಹೊರಳಿ ಎರಡು ಗಾಲಿಗೂ ಹೋಗುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಇಬ್ಬರು ಮಕ್ಕಳಿಗೂ ಜಗಳವಿಲ್ಲದೆ ಪಾಲು ಹಂಚುವ ತಾಯಿ ಅಂದುಕೊಳ್ಳಿ. ಅವಳ ಹೊಟ್ಟೆಯಲ್ಲಿ ಎಣ್ಣೆ ಇರುವ ತನಕ ಸಂಸಾರ ಸುಖ.

ಗಾಡಿ ಬಂದದ್ದೇ ಫಕ್ಕೀರಪ್ಪನಿಗೆ ಹೆಣ್ಣೂ ಸಿಕ್ಕಿತು. ಕಣಿವೆಯಾಚೆಯ ಬಾಳಪ್ಪನ ಕಿರಿಮಗಳು. ಬಾಳಪ್ಪ ಕುಂಬಾರನೇ, ಆದರೆ ತಿಗರಿ ಬಿಟ್ಟು ಕಿರಾಣಿ ಅಂಗಡಿ ಹಿಡಿದವನು. ಹಿರಿಮಗಳು ಸಂತೆಸಂತೆಗೆ ತಲೆಯ ಮೇಲೆ ಗಡಿಗೆ ಹೊತ್ತು ಕುತ್ತಿಗೆ ಕಳೆದುಕೊಂಡಿದ್ದಳಂತೆ. ಅದಕ್ಕೇ ಅವನದು ಒಂದೇ ಮಾತು: ಗಾಡಿಯಲ್ಲಿ ಬಂದರೆ ಅಳಿಯ, ನಡೆದು ಬಂದರೆ ದಾರಿಹೋಕ. ಫಕ್ಕೀರಪ್ಪನೋ ಆ ಹುಡುಗಿಯನ್ನು ಸಂತೆಯಲ್ಲಿ ಒಮ್ಮೆ ನೋಡಿದಾಗಿನಿಂದ ಕನಸಿನಲ್ಲೂ ಗೇರು ಬದಲಿಸುತ್ತಿದ್ದನಂತೆ.

ಮದುವೆಗೆ ಇನ್ನೇನು ಕೆಲವೇ ದಿನ ಇದ್ದಾಗ ಅವನೊಂದು ಕೆಲಸ ಮಾಡಿದ. ಕುಂಬಾರನಲ್ಲದೆ ಬೇರೆ ಯಾರೂ ಅದನ್ನು ಮಾಡಲಾರರು. ಗಾಡಿಯ ಆ ಗಡಿಗೆಯ ನೆತ್ತಿಯ ಮೇಲೆ ಒಂದು ಪುಟ್ಟ ಮೂಗು ಇರುತ್ತದೆ. ಒಳಗೆ ಕಾವೇರಿದಾಗ ಗಾಳಿ ಹೊರಹೋಗಲಿ ಎಂದು. ಆ ಮೂಗಿನ ಸುತ್ತ ಎಣ್ಣೆಯ ಪಸೆ ಕಂಡಿತು. ಸೋರುವ ಗಡಿಗೆ ಕಂಡರೆ ಕುಂಬಾರನ ಕೈ ಸುಮ್ಮನಿದ್ದೀತೇ? ಜಿಗುಟು ಮಣ್ಣು ಮೆತ್ತಿ, ಹೆಬ್ಬೆರಳಿನಿಂದ ನುಣ್ಣಗೆ ತೀಡಿ, ಸೋರಿಕೆ ನಿಲ್ಲಿಸಿದೆ ಎಂದು ಮೀಸೆ ತಿರುವಿದ.

ಮದುವೆಯ ಬೆಳಿಗ್ಗೆ ಗಾಡಿ ಹೊರಟಿತು. ಐರಾಣಿ ಗಡಿಗೆಗಳನ್ನು ಹುಲ್ಲಿನಲ್ಲಿ ಕೂರಿಸಿ ನಿಂಬೆವ್ವ ನಡುವೆ ಕೂತಳು. ಸುಣ್ಣ ಕೆಮ್ಮಣ್ಣು ಬರೆದ ಆ ಗಡಿಗೆ ಮದುವೆಮನೆ ಸೇರದೆ ಆ ಸೀಮೆಯಲ್ಲಿ ತಾಳಿ ಏರುವುದಿಲ್ಲ. ಪಕ್ಕದಲ್ಲಿ ದೀಪಕ್ಕೆಂದು ಒಂದು ಕೊಡ ಔಡಲೆಣ್ಣೆ, ಅಂದರೆ ಹರಳೆಣ್ಣೆ. ಎದುರಿಗೆ ಸನಾದಿ ಊದುವ ಬರಮಪ್ಪ.

ಏರು ಶುರುವಾದದ್ದೇ ಹಿಂದಿನಿಂದ ಕುಂಯ್ ಎಂದು ಒಂದು ದನಿ. ಬರಮಪ್ಪ ತನ್ನ ಸನಾದಿಗೆ ಗಾಡಿಯೇ ಶ್ರುತಿ ಹಿಡಿಯಿತೆಂದು ಹಿಗ್ಗಿದ. ನಿಂಬೆವ್ವ ಮಾತ್ರ ಅವನ ಬಾಯಿ ಮುಚ್ಚಿಸಿ ಕಿವಿಗೊಟ್ಟಳು. ಕುಂಯ್ ಹೋಗಿ ಗೋಳಾಯಿತು. "ನಿಂದರಿಸೋ! ಗಡಿಗಿ ಅಳಾಕತ್ತೈತಿ!" ಎಂದು ಅವಳು ಕೂಗಿದ್ದು ಕಣಿವೆಯಾಚೆಗೂ ಕೇಳಿತಂತೆ.

ಇಳಿದು ನೋಡಿದರೆ ಹಿಂದಿನ ಎರಡೂ ಗಾಲಿಯ ಒಳಮೈ ಎಣ್ಣೆಯಲ್ಲಿ ತೊಯ್ದಿದೆ. ಮೂಗು ಕಟ್ಟಿದ್ದಕ್ಕೆ ಒಳಗಿನ ಬಿಸಿಗಾಳಿ ಅಚ್ಚಿನ ಎರಡೂ ತುದಿಯ ಸೀಲು ನೂಕಿ, ಎಣ್ಣೆಯನ್ನೂ ಹೊರದಬ್ಬಿತ್ತು. ಇನ್ನೊಂದು ಫರ್ಲಾಂಗು ಹೋಗಿದ್ದರೆ ಹಲ್ಲುಗಳು ಒಂದನ್ನೊಂದು ತಿಂದು ಮುಗಿಸುತ್ತಿದ್ದವು.

ಫಕ್ಕೀರಪ್ಪ ಪಕ್ಕದ ಹೊಲದ ರೈತನ ಬಳಿ ಓಡಿದ, ಎತ್ತು ಹೂಡಿ ಗಾಡಿ ಎಳೆಸು ಎಂದು ಕೈಮುಗಿದ.

"ಇವತ್ತ ಬಸವಣ್ಣನ ಹೆಗಲಿಗೆ ನೊಗ ಇಡಂಗಿಲ್ಲ ತಮ್ಮಾ," ಅಂದ ರೈತ. "ಬೇಕಾದ್ರ ನಿನ್ನ ಹೆಗಲ ಐತಲ್ಲ, ಹೂಡಿಕೋ."

ಬಾಸಿಂಗ ಕೈಯಲ್ಲಿ ಹಿಡಿದು ವಾಪಸು ಬಂದರೆ ನಿಂಬೆವ್ವ ಗಾಡಿಯಡಿ ಮಲಗಿದ್ದಾಳೆ. ಮೂಗಿನ ಮಣ್ಣನ್ನು ಕಲ್ಲಿನಿಂದ ಕುಟ್ಟಿ ತೆಗೆದಳು. ಬುಸ್ ಎಂದು ಉಸಿರು ಬಂತು. ಆ ಮಣ್ಣು ಒಳಗೇ ಸುಟ್ಟು ಕೆಂಪು ಹೆಂಚಾಗಿತ್ತಂತೆ. ಅಷ್ಟು ಕಾವಿಗೆ ಮಣ್ಣು ಬೇಯುವುದಿಲ್ಲ ಎಂದು ವಿಜ್ಞಾನ ಹೇಳೀತು. ಹೇಳಲಿ, ವಿಜ್ಞಾನ ಆವತ್ತು ಕಣಿವೆಯಲ್ಲಿ ಇರಲಿಲ್ಲ.

"ಉಸಿರಿಲ್ಲದ ಗಡಿಗಿ ಆವಿಗ್ಯಾಗ ಸುಡೂವಾಗ ಒಡೀತೈತಿ ಅಂತ ನಮ್ಮನಿ ಕೂಸಿಗೂ ಗೊತ್ತೈತಿ. ಎಣ್ಣಿ ಕೊಡ ತಾರೋ!"

ದೀಪದ ಎಣ್ಣೆಯನ್ನು ಗಾಡಿಗೆ ಸುರಿಯುವುದೇ ಎಂದು ಬರಮಪ್ಪ ಗಲ್ಲ ಬಡಿದುಕೊಂಡ. ದೀಪ ಹಚ್ಚಲಿಕ್ಕೆ ಮೊದಲು ಮದುವೆ ಆಗಬೇಕಲ್ಲ ಎಂದಳಾಕೆ. ಆದರೆ ಸುರಿಯಲಿಲ್ಲ. ಕಬ್ಬಿಣಕ್ಕೆ ಅಂಗೈ ಮುಟ್ಟಿಸುವುದು, ತೆಗೆಯುವುದು, ಕೂರುವುದು.

"ಅತ್ತಿಗೀ, ಮುಹೂರ್ತ ಮೀರತೈತಿ!"

"ಕಾದ ಗಡಿಗಿಗೆ ತಣ್ಣಂದು ಸುರುವಿದ್ರ ಏನಾಗತೈತೋ ಮೈದುನಾ? ನೀ ಕುಂಬಾರಗ ಹುಟ್ಟೀಯೋ, ನಿಮ್ಮ ಮಾವನ ಅಂಗಡ್ಯಾಗ ಕೊಸರಿಗೆ ಸಿಕ್ಕೀಯೋ?"

ಬಿಸಿಲು ನೆತ್ತಿಯ ಕಡೆ ಸರಿಯಿತು. ಫಕ್ಕೀರಪ್ಪ ಸೂರ್ಯನನ್ನು ನೋಡುವುದು, ಅತ್ತಿಗೆಯ ಅಂಗೈ ನೋಡುವುದು. ಕೊನೆಗೆ ಆ ಅಂಗೈ ಕಬ್ಬಿಣದ ಮೇಲೆ ನಿಂತಿತು. ಎಣ್ಣೆ ಹಾಕುವ ತೂತು ಗಡಿಗೆಯ ಬದಿಯಲ್ಲಿತ್ತು, ಲಾಳಿಕೆ ಇರಲಿಲ್ಲ. ನಿಂಬೆವ್ವ ಸುತ್ತ ನೋಡಿದಳು. ಬರಮಪ್ಪ ಸನಾದಿಯನ್ನು ಬೆನ್ನ ಹಿಂದೆ ಅಡಗಿಸಿದ. ತಡವಾಗಿತ್ತು. ಸನಾದಿಯ ಸಣ್ಣ ತುದಿ ತೂತಿಗೆ, ಅಗಲ ಬಾಯಿಗೆ ಎಣ್ಣೆ, ನಡುವಿನ ತೂತುಗಳಿಗೆ ಬರಮಪ್ಪನ ಬೆರಳುಗಳು. ಅವನು ಜನ್ಮದಲ್ಲಿ ಅಷ್ಟು ಬಿಗಿಯಾಗಿ ಸ್ವರ ಹಿಡಿದದ್ದಿಲ್ಲವಂತೆ. ಎಣ್ಣೆ ತೂತಿನ ಅಂಚಿಗೆ ಬಂದು ತುಳುಕಿದಾಗ ನಿಂಬೆವ್ವ ಸಾಕೆಂದಳು. ಗೆಣ್ಣಿನಿಂದ ಮೂರು ಸಲ ಬಡಿದಳು, ನಕ್ಕಳು. "ತುಂಬೇತಿ. ನಡಿ."

ಅತ್ತ ಬಾಳಪ್ಪ ಊರ ಅಗಸೆ ಬಾಗಿಲಲ್ಲಿ ನಿಂತಿದ್ದ. ಗಾಡಿ ಏರಿನಲ್ಲಿ ಗೋಳಿಟ್ಟದ್ದು ಹರದಾರಿ ದೂರದಲ್ಲಿದ್ದ ಅವನಿಗೂ ಕೇಳಿಸಿತ್ತು, ಈಗ ಗೋಳಿಲ್ಲ. ಹಾಗಾದರೆ ಗಾಡಿಯಿಲ್ಲ, ನಡೆದು ಬರುತ್ತಿದ್ದಾರೆ. ಚಪ್ಪರದ ಕಡೆ ತಿರುಗಿದ. ಆಗ ಗುಳುಗುಳು ಎಂದು, ಬಾಯಿ ಮುಕ್ಕಳಿಸಿದಂತೆ ಒಂದು ಸನಾದಿ ಕೇಳಿತು. ತಿರುಗಿ ನೋಡಿದರೆ ಪಿಕಪ್ಪು, ಬೆಕ್ಕಿನಂತೆ ಸದ್ದಿಲ್ಲದೆ, ಔಡಲೆಣ್ಣೆಯ ಘಮ ಹರಡುತ್ತ, ಒಂದು ಐರಾಣಿಯೂ ಒಡೆಯದೆ, ಎದುರಿಗೇ ಬರುತ್ತಿದೆ! ಅಕ್ಕಿಕಾಳು ಸರಿಯಾದ ಗಳಿಗೆಗೆ ಬಿದ್ದವು.

ಆಮೇಲೆ ನಿಂಬೆವ್ವನ ಅಂಗಳಕ್ಕೆ ಸೀಮೆಯ ಹಳೇ ಗಾಡಿಗಳೆಲ್ಲ ಬಂದವಂತೆ. ಬಡಿದು ಕೇಳುತ್ತಿದ್ದಳಂತೆ, ಯಾವ ಹಲ್ಲು ಸವೆದಿದೆಯೆಂದು ಹೇಳುತ್ತಿದ್ದಳಂತೆ. ಹಳ್ಳ ದಾಟಿ ಬಂದವರಿಗೆ ಬೋಲ್ಟು ಬಿಚ್ಚಿಸಿ ತೋರಿಸುತ್ತಿದ್ದಳು: ಎಣ್ಣೆ ಮಜ್ಜಿಗೆಯಾಗಿದ್ದರೆ ನೀರು ಹೊಕ್ಕಿದೆ, ಚೆಲ್ಲಿ ಹೊಸದು ತುಂಬು. ಫಕ್ಕೀರಪ್ಪನ ಗಾಡಿಗೂ ಸೀಲು ಬದಲಿಸಿ ಗೇರ್ ಆಯಿಲ್ ಹಾಕಿಸಿದಳು. ಅದರ ಮೈ ತುಕ್ಕು ಹಿಡಿದು ಉದುರಿತು, ಬಾಗಿಲು ಕೋಳಿಗೂಡಿಗೆ ಹೋಯಿತು, ಇಂಜಿನ್ನು ಬಾವಿಯ ದಂಡೆ ಸೇರಿತು. ಗಡಿಗೆ ಮಾತ್ರ ಕಡೆಯವರೆಗೂ ಗಟ್ಟಿ. ಈಗಲೂ ಆವಗಿನಾಳದ ಅಗಸೆಯಲ್ಲಿ ಇಟ್ಟಿದ್ದಾರೆ. ಬಡಿದು ನೋಡಿ, ಠಣ್ ಅನ್ನುತ್ತದೆ.

ಇಂದಿಗೂ ಆ ಊರಿನ ಮದುವೆ ಗಾಡಿ ಹೊರಡುವ ಮುನ್ನ ವರನ ಅತ್ತಿಗೆ ಬಗ್ಗಿ ಹಿಂದಿನ ಗಡಿಗೆಗೆ ಮೂರು ಸಲ ಬಡಿಯಬೇಕು. ವರ ಅದರ ಮೂಗು ಒರೆಸಬೇಕು. ಸನಾದಿಗೆ ಒಂದು ತೊಟ್ಟು ಔಡಲೆಣ್ಣೆ ಬಿಡಲೇಬೇಕು. ಮತ್ತೆ, ವಾರಕ್ಕೊಂದು ದಿನ ಆವಗಿನಾಳದಲ್ಲಿ ಎತ್ತಿನ ಜೊತೆ ಗಾಡಿಗೂ ಬಿಡುವು. ಹೇರು ಇಲ್ಲ, ಓಟ ಇಲ್ಲ, ಬೋಲ್ಟು ಬಿಚ್ಚಿ ಎಣ್ಣೆ ನೋಡುವುದಷ್ಟೇ ಕೆಲಸ. ಬಸವಣ್ಣನಿಗೆ ನೊಗವಿಲ್ಲದ ದಿನವೇ ಈ ಕಬ್ಬಿಣದ ಬಸವ ಮದುವೆ ಮುಟ್ಟಿಸಿದ್ದಲ್ಲವೇ? ಆ ಮದುವೆಯ ದಿನ ವೈಶಾಖ ಶುದ್ಧ ತದಿಗೆ, ಎತ್ತಿಗೆ ನೊಗವಿಡದ ಸೋಮವಾರ.