ಸುಣ್ಣ ಬಳಿದ ಕೋಣೆ

ಹೊಳೆಯ ದಂಡೆಯಲ್ಲಿ ಹೆಣ್ಣುಮಕ್ಕಳದೇ ಒಂದು ಆಶ್ರಮವಿತ್ತು. ಅದನ್ನು ನಡೆಸುತ್ತಿದ್ದ ಹಿರಿಯ ಸನ್ಯಾಸಿನಿಯನ್ನು ಎಲ್ಲರೂ ಅವ್ವಾರು ಎನ್ನುತ್ತಿದ್ದರು. ಅವರ ಶಿಷ್ಯೆ ಮಹಾನಂದಾ. ಹೇಳಿದ ಕೆಲಸವನ್ನು ಒಂದು ಕೈ ಹೆಚ್ಚಾಗಿಯೇ ಮಾಡುವವಳು.

ಒಂದು ಸಂಜೆ ಕೈಚೀಲ ಹಿಡಿದ ಹೆಂಗಸೊಬ್ಬಳು ಅಂಗಳಕ್ಕೆ ಬಂದು ನಿಂತಳು. ಕೂದಲು ಕಪ್ಪಗಿದ್ದಾಗ ಜೈಲಿಗೆ ಹೋದವಳು, ನರೆತ ಮೇಲೆ ಬಿಡುಗಡೆಯಾಗಿದ್ದಳು. ಅಣ್ಣನ ಮನೆಗೆ ಹೋದರೆ ಅವನು ಹೊಸ್ತಿಲ ಹೊರಗೇ ಒಂದು ತಂಬಿಗೆ ನೀರು ಕೊಟ್ಟು ಬಾಗಿಲು ಹಾಕಿಕೊಂಡಿದ್ದ.

“ಈಕಿಗೆ ಇರಾಕ ಜಾಗಾ ಮಾಡಿಕೊಡವ್ವ,” ಎಂದರು ಅವ್ವಾರು.

ಮಹಾನಂದಾ ಅವ್ವಾರ ಹಿಂದೆಯೇ ಒಳಗೆ ಬಂದು ಮೆಲ್ಲಗೆ ಕೇಳಿದಳು. “ಏನು ಮಾಡಿ ಜೈಲಿಗೆ ಹೋಗಿದ್ಲಂತ್ರಿ?”

“ಜಾಗಾ ಮಾಡಾಕ ಅದು ಬೇಕೇನು?”

ಮಹಾನಂದಾ ಮರುದಿನವೇ ಬೇವಿನ ಮರದಾಚೆಯ ಕೊನೆಯ ಕೋಣೆಯನ್ನು ಗುಡಿಸಿ ಸುಣ್ಣ ಬಳಿದಳು. ಹೊಸ ಚಾಪೆ, ಕೌದಿ, ಕೊಡ, ದೀಪ, ಒಂದೂ ಬಿಡಲಿಲ್ಲ.

ಉಳಿದವರ ಕೋಣೆಗಳಿಂದ ಅದು ದೂರವಿತ್ತು. ನೆಮ್ಮದಿಯಾಗಿರಲಿ ಎಂದೇ ಅಷ್ಟು ದೂರ ಎಂದು ತನಗೆ ತಾನೇ ಹೇಳಿಕೊಂಡಳು. ಉಳಿದ ಹೆಣ್ಣುಮಕ್ಕಳು ಹೆದರುತ್ತಾರೆಂಬುದು ಅವಳಿಗೆ ಗೊತ್ತಿತ್ತು. ತಾನೂ ಹೆದರುತ್ತಿದ್ದಳು.

ಹೊತ್ತು ಹೊತ್ತಿಗೆ ಊಟದ ತಾಟನ್ನು ಆ ಹೊಸ್ತಿಲ ಮೇಲಿಟ್ಟು ಬರುತ್ತಿದ್ದಳು. ತಿರುಗಿ ಹೋದಾಗ ತಾಟು ತೊಳೆದು ಬೋರಲು ಹಾಕಿರುತ್ತಿತ್ತು. ಮಾತಿಗೆ ಎಡೆಯೇ ಸಿಗಲಿಲ್ಲ.

ಕೆಲವು ದಿನ ಕಳೆದವು. ಒಂದು ಬೆಳಗ್ಗೆ ನೋಡುತ್ತಾಳೆ, ಆ ಹೆಂಗಸು ಅಡುಗೆಮನೆಯ ಹೊರಗೆ ಬರೀ ಕಲ್ಲಿನ ಮೇಲೆ, ಗೋಡೆಗೆ ಬೆನ್ನು ಹಚ್ಚಿ ಮುದುಡಿ ಮಲಗಿದ್ದಾಳೆ. ಗೋಡೆಯ ಒಳಬದಿಯಲ್ಲಿ ಅಡುಗೆಯವರು ಮಲಗುತ್ತಿದ್ದರು.

ಮಹಾನಂದಾಳಿಗೆ ಸಿಟ್ಟು ಬಂತು. ಸೀದಾ ಅವ್ವಾರ ಹತ್ತಿರ ಹೋದಳು.

“ನಾ ಏನು ಕಡಿಮಿ ಮಾಡೀನ್ರಿ? ಅಷ್ಟು ಚೊಲೊ ಖೋಲಿ ಬಿಟ್ಟು ಕಲ್ಲಿನ ಮ್ಯಾಲೆ ಮಲಗ್ಯಾಳ. ಜೈಲಿನಾಗ ಇದ್ದಾಕಿಗೆ ಸುಖ ಎಲ್ಲಿ ಹಿಡಿಸ್ತೈತಿ?”

ಅವ್ವಾರು ಹೊಳೆಯ ಕಡೆ ಕೈ ತೋರಿಸಿದರು. ಅಷ್ಟರಲ್ಲಿ ಎದ್ದಿದ್ದ ಆ ಹೆಂಗಸು ಕೈಚೀಲ ಹಿಡಿದು, ದಂಡೆಯ ಕಾಲುದಾರಿಯಲ್ಲಿ ಬಸ್ಸಿನ ರಸ್ತೆಯ ಕಡೆ ಹೊರಟಿದ್ದಳು.

“ಹೋಗಾಕತ್ತಾಳ,” ಎಂದರು. “ಕರಿ.”

ಮಹಾನಂದಾ ದಂಡೆಗೆ ಓಡಿಬಂದು ಬಾಯಿ ತೆರೆದಳು.

ಏನೆಂದು ಕರೆಯುವುದು?

ಅಡುಗೆಮನೆಯಲ್ಲಿ ಎಲ್ಲರೂ ‘ಜೈಲಿನಾಕಿ’ ಎನ್ನುತ್ತಿದ್ದರು. ತಾನೂ ಹಾಗೇ ಎನ್ನುತ್ತಿದ್ದಳು. ಅದನ್ನು ಕೂಗಲಾದೀತೇ? ತೆರೆದ ಬಾಯಿ ಮುಚ್ಚಿ ಓಡಿದಳು.

ಹೆಂಗಸು ರಸ್ತೆ ಬದಿಯ ಜಾಲಿ ಮರದ ಕೆಳಗೆ ಕೂತಿದ್ದಳು.

“ಎಲ್ಲಿಗೆ ಹೊಂಟೀರಿ?” ಮಹಾನಂದಾ ಏದುಸಿರು ಬಿಡುತ್ತ ಕೇಳಿದಳು.

“ಜೈಲಿಗೆ.”

“ಅಲ್ಲಿಗ್ಯಾಕ?”

ಹೆಂಗಸು ರಸ್ತೆಯನ್ನೇ ನೋಡುತ್ತ ಹೇಳಿದಳು. “ಒಳಗ ಬಿಡಂಗಿಲ್ಲ, ಗೊತ್ತೈತಿ. ಗೇಟಿನ ಹೊರಗ ಕುಂದ್ರತೀನಿ. ದಿನಾ ಮುಂಜಾನೆ ಅಲ್ಲಿ ಎಲ್ಲಾರ ಹೆಸರು ಕೂಗತಾರ. ನಂದೂ ಕೂಗತಿದ್ರು, ಒಂದಿನಾನೂ ತಪ್ಪಿಲ್ಲ. ಕೂಗೋದಾದ್ರೂ ಕೇಳಿಸ್ತೈತಿ.”

ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಮತ್ತೆ ಅಂದಳು. “ನಿನ್ನ ಖೋಲಿ ಚೊಲೊ ಐತಿ ತಂಗಿ, ಸುಳ್ಳು ಯಾಕ ಹೇಳ್ಲಿ. ಆದರ ಅದರಾಗ ನಾ ಸತ್ತರೂ, ತಾಟು ತುಂಬಿದ್ದು ತುಂಬಿದಂಗ ಇದ್ದಾಗಷ್ಟ ನಿಮಗ ಗೊತ್ತಾಗತೈತಿ.”

ಮಹಾನಂದಾ ನೆಲದ ಮೇಲೆ ಅವಳ ಪಕ್ಕದಲ್ಲೇ ಕೂತಳು. ಆಮೇಲೆ ಕೇಳಿದಳು. “ನಿಮ್ಮ ಹೆಸರೇನ್ರಿ?”

ಹೆಂಗಸು ರಸ್ತೆಯಿಂದ ಕಣ್ಣು ತೆಗೆದು ಅವಳ ಮುಖ ನೋಡಿ, “ಕಾಶವ್ವ,” ಎಂದಳು.

ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು, “ಬರ್ತೀರೇನ್ರಿ?” ಎಂದ. ಕಾಶವ್ವ ಏಳಲಿಲ್ಲ. ಬಸ್ಸು ಹೋಯಿತು, ಧೂಳು ಅಡಗಿತು.

ಕಾಶವ್ವ ಅತ್ತಳು. ಬಹಳ ಜನರ ನಡುವೆ ಮಲಗಿ, ಯಾರಿಗೂ ಎಚ್ಚರವಾಗದಂತೆ ಅತ್ತು ರೂಢಿಯಾದವರ ಹಾಗೆ, ಸದ್ದಿಲ್ಲದೆ. ಮಹಾನಂದಾ ಕಣ್ಣೊರೆಸಲು ಹೋಗಲಿಲ್ಲ, ಬಾ ಎನ್ನಲೂ ಇಲ್ಲ. ಬಿಸಿಲು ಏರಿ ಇಳಿಯುವವರೆಗೂ ಕೂತೇ ಇದ್ದಳು.

ಸಂಜೆ ಇಬ್ಬರೂ ದಂಡೆ ಹಿಡಿದು ಮರಳಿದರು. ಕಾಶವ್ವ ಕಾಲು ತೊಳೆಯಲು ಬಾವಿಯ ಕಡೆ ಹೋದಳು. ಮಹಾನಂದಾ ಅವ್ವಾರ ಮುಂದೆ ತಲೆ ತಗ್ಗಿಸಿ ನಿಂತಳು.

“ಆ ಖೋಲಿ ಬ್ಯಾಡ್ರಿ ಅವ್ವಾರ. ಕಾಶವ್ವನ್ನ ಇನ್ನ ಎಲ್ಲಿ ಇಡ್ಲಿ?”

“ಇಡಾಕ ಆಕಿ ಗಡಿಗಿ ಏನ?” ಎಂದರು ಅವ್ವಾರು. “ದಿನಾ ಹೆಸರು ಹಿಡಿದು ಕರಿ. ಎಲ್ಲಿಂದ ‘ಓ’ ಅಂತಾಳೋ, ಅದ ಆಕಿ ಮನಿ.”